ಕೌಶಲಕ್ಕೆ ಸಾಕ್ಷಿ ಹೇಳುವವರು

ಹೊಸಪೇಟೆಯಿಂದ ಬಳ್ಳಾರಿಯತ್ತ ಸಾಗುವ ಹೆದ್ದಾರಿಯಲ್ಲಿ ತೋರಣಗಲ್ಲಿನ ಸಮೀಪಕ್ಕೆ ಬಂದಂತೆಲ್ಲ ಒಂದೆಡೆ ಸಂಡೂರಿನ ಗಿರಿಶ್ರೇಣಿಯೂ ಮತ್ತೊಂದೆಡೆ ಉಕ್ಕಿನ ಕಾರ್ಖಾನೆಯ ಚಿಮಣಿಗಳೂ ದೃಷ್ಟಿಗೋಚರವಾಗುತ್ತವೆ. ಅದಿರು ಹುಟ್ಟುವ ನೆಲಕ್ಕೂ ಅದೇ ಅದಿರು ಉಕ್ಕಾಗಿ ಮಾರ್ಪಡುವ ಕುಲುಮೆಗೂ ಸಮಾನವಾಗಿ ಸೇರಿದಂತೆ ಕುರೆಕುಪ್ಪವೆಂಬ ಊರು ಅಲ್ಲಿದೆ. ಸಂಡೂರು ತಾಲ್ಲೂಕಿಗೆ ಸೇರಿದ ಈ ಊರು ಇಂದು ಪುರಸಭೆಯನ್ನುಳ್ಳ ಪಟ್ಟಣ. 1971ರಲ್ಲಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲನ್ನಿಟ್ಟಾಗ ಸುತ್ತಲಿನ ಹಳ್ಳಿಗಳ ಜನ ಕಂಡ ಕನಸು ಎರಡು ದಶಕಗಳಿಗೂ ಹೆಚ್ಚು ಕಾಲ ಕಲ್ಲಿನಲ್ಲಿಯೇ ಉಳಿಯಿತು. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಎಂಬ ಖಾಸಗಿ ಸಂಸ್ಥೆ ಸ್ಥಾಪಿತವಾದ ತರುವಾಯವೇ ಆ ನೆಲದಲ್ಲಿ ಕುಲುಮೆ ಎದ್ದಿತು. ಜೋಳವನ್ನೂ ಹತ್ತಿಯನ್ನೂ ನಂಬಿ ಬದುಕಿದ ಮನೆತನಗಳ ಮಕ್ಕಳು ಒಂದೇ ತಲೆಮಾರಿನ ಅವಧಿಯಲ್ಲಿ ಫಿಟ್ಟರ್, ವೆಲ್ಡರ್, ರಿಗ್ಗರ್, ಕ್ರೇನ್ ಆಪರೇಟರ್ ಎಂಬ ಹೊಸ ಹೆಸರುಗಳಿಂದ ತಮ್ಮನ್ನು ಕರೆದುಕೊಳ್ಳುವಂತಾಯಿತು.

ಬೇಸಾಯಗಾರನಿಗೆ ಬೇಸಾಯ ಬರುತ್ತದೆಯೇ ಎಂದು ಕೇಳಿದವರು ಹಿಂದೆ ಯಾರೂ ಇರಲಿಲ್ಲ. ಅವನ ಹೊಲವೇ ಊರೆಲ್ಲರ ಕಣ್ಣಿನ ಮುಂದೆ ಉತ್ತರ ಹೇಳುತ್ತಿತ್ತು. ಕಾರ್ಖಾನೆಯ ದ್ವಾರದಲ್ಲಾದರೋ, ಸಹಸ್ರಾರು ಜನ ಪರಸ್ಪರ ಅಪರಿಚಿತರಾಗಿ ಪಾಳಿಯಿಂದ ಪಾಳಿಗೆ ಬಂದು ಹೋಗುವ ಸ್ಥಳದಲ್ಲಿ, ಒಬ್ಬನ ಕೈಯಲ್ಲಿರುವ ವಿದ್ಯೆಯನ್ನು ಇನ್ನೊಬ್ಬನು ನೋಡಿದ ಮಾತ್ರಕ್ಕೆ ತಿಳಿಯಲಾರ. ಹಾಗಿರುವಾಗ ಮೂರನೆಯವನೊಬ್ಬನು ನಡುವೆ ನಿಂತು, ‘ಈತನು ಇಂಥ ಕೆಲಸವನ್ನು ಇಂಥ ಮಟ್ಟದಲ್ಲಿ ಮಾಡಬಲ್ಲನೆಂಬುದಕ್ಕೆ ನಾನು ಸಾಕ್ಷಿ’ ಎಂದು ಬರೆದುಕೊಡಬೇಕಾಗುತ್ತದೆ. ಪ್ರಮಾಣಪತ್ರದ ತಿರುಳು ಇಷ್ಟೇ. ಆದರೆ ಕನಿಷ್ಠ ವೇತನದ ಅಧಿಸೂಚನೆಗಳು ದುಡಿಯುವವರನ್ನು ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂದು ವಿಂಗಡಿಸಿ ಒಂದೊಂದು ವರ್ಗಕ್ಕೂ ಒಂದೊಂದು ಕೂಲಿಯನ್ನು ಗೊತ್ತುಪಡಿಸಿರುವುದರಿಂದ, ಆ ಒಂದು ಹಾಳೆಯ ಸಾಕ್ಷ್ಯವು ಕುರೆಕುಪ್ಪದಂಥ ಊರಿನಲ್ಲಿ ಮನೆಯ ಬಾಡಿಗೆಯನ್ನೂ ಮಗಳ ಶಾಲೆಯನ್ನೂ ನಿರ್ಣಯಿಸುವಷ್ಟು ಬಲವುಳ್ಳದ್ದಾಗಿದೆ. ಅಂಥ ಸಾಕ್ಷ್ಯವನ್ನು ಯಾರು ಹೇಳಬೇಕು, ಹೇಗೆ ಹೇಳಬೇಕು ಎಂಬುದು ಅಧಿಕಾರಿಗಳಿಗೂ ಉದ್ಯಮಪತಿಗಳಿಗೂ ಮಾತ್ರ ಬಿಟ್ಟ ವಿಷಯವಲ್ಲ.

ನಮ್ಮ ಬಾಯಲ್ಲಿ ‘ಸರ್ಟಿಫಿಕೇಟು’ ಎಂಬ ಒಂದೇ ಮಾತು ಮೂರು ಬಗೆಯ ಪತ್ರಗಳಿಗೆ ಸಲ್ಲುತ್ತದೆ. ಐಟಿಐಯಲ್ಲಿ ಓದಿದವನಿಗೆ ದೊರೆಯುವುದು ವ್ಯಾಸಂಗದ ಪತ್ರ. ಇಷ್ಟು ಕಾಲ ಕಲಿತನು, ಪರೀಕ್ಷೆಯಲ್ಲಿ ತೇರ್ಗಡೆಯಾದನು ಎಂದು ಅದು ಹೇಳುತ್ತದೆ. ಎರಡನೆಯದು ಪ್ರಭುತ್ವ ಕೊಡುವ ಅನುಜ್ಞೆ. ಮೂರನೆಯದು, ಒಂದು ಉದ್ಯಮಕ್ಕೆ ಸೇರಿದವರು ತಮ್ಮತಮ್ಮಲ್ಲಿ ಸಂಘ ಕಟ್ಟಿಕೊಂಡು, ತಮ್ಮ ಕಸುಬಿನ ಮಾನದಂಡವನ್ನು ತಾವೇ ನಿಶ್ಚಯಿಸಿ, ಅದಕ್ಕೆ ಒಪ್ಪುವವರಿಗೆ ಕೊಡುವ ಪತ್ರ. ನಮ್ಮ ವಿಚಾರಕ್ಕೆ ಮುಖ್ಯವಾದುದು ಈ ಮೂರನೆಯದೇ; ಆದರೂ ಎರಡನೆಯದನ್ನು ಮೊದಲು ನೋಡುವುದು ಲೇಸು, ಏಕೆಂದರೆ ಸಂಡೂರಿನ ಬೆಟ್ಟಗಳಲ್ಲಿ ಬಹುಕಾಲದಿಂದ ಬೇರುಬಿಟ್ಟಿರುವುದು ಅದೇ.

1952ರ ಗಣಿ ಅಧಿನಿಯಮವನ್ನು ಅನುಸರಿಸಿ 1961ರಲ್ಲಿ ಲೋಹದ ಗಣಿಗಳಿಗಾಗಿ ರಚಿತವಾದ ನಿಯಮಾವಳಿಯು, ಗಣಿಯ ವ್ಯವಸ್ಥಾಪಕನಿಂದ ಮೊದಲುಗೊಂಡು ಫೋರ್‌ಮನ್, ಮೇಟ್, ಬ್ಲಾಸ್ಟರ್ ಎಂಬವರ ತನಕ ಪ್ರತಿಯೊಬ್ಬನೂ ಅರ್ಹತೆಯ ಪತ್ರವನ್ನು ಪಡೆದಿರಬೇಕೆಂದು ವಿಧಿಸಿತು. ಧನ್‌ಬಾದಿನಲ್ಲಿ ಕೇಂದ್ರಸ್ಥಾನವನ್ನುಳ್ಳ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು ಈ ಪರೀಕ್ಷೆಗಳನ್ನು ನಡೆಸುತ್ತ ಬಂದಿದೆ. ಬಳ್ಳಾರಿಯಲ್ಲಿ ಅದರ ಪ್ರಾದೇಶಿಕ ಕಚೇರಿಯೊಂದಿದೆ. ಬಂಡೆಗೆ ಕೊರೆದ ಕುಳಿಯಲ್ಲಿ ಸಿಡಿಮದ್ದನ್ನು ತುಂಬಿ ಸಿಡಿಸುವ ಅಧಿಕಾರ ಬ್ಲಾಸ್ಟರನಂಥ ಅರ್ಹತಾಪತ್ರವುಳ್ಳವನಿಗೇ ಹೊರತು ಬೇರೆಯವನಿಗಿಲ್ಲ, ಅವನು ಎಷ್ಟೇ ಧೈರ್ಯಶಾಲಿಯಾಗಿರಲಿ. ಅಂಥವನಿಗೆ ಗಣಿಯ ಅನುಭವವೂ ಬೇಕು, ದೇಹಸ್ಥಿತಿಯ ಬಗ್ಗೆ ವೈದ್ಯನ ಪತ್ರವೂ ಬೇಕು, ಪ್ರಥಮ ಚಿಕಿತ್ಸೆಯನ್ನು ಕಲಿತಿರುವುದಕ್ಕೆ ಪ್ರತ್ಯೇಕ ಪತ್ರವೂ ಬೇಕು. ಸಿಡಿಸುವ ವಿದ್ಯೆಗೂ ಗಾಯಕ್ಕೆ ಪಟ್ಟಿ ಕಟ್ಟುವ ವಿದ್ಯೆಗೂ ಏನು ಸಂಬಂಧವೆಂದು ಮೇಲುನೋಟಕ್ಕೆ ತೋರಬಹುದು. ದವಾಖಾನೆ ಹರದಾರಿ ದೂರದಲ್ಲಿರುವ ಬೆಟ್ಟದ ನೆತ್ತಿಯಲ್ಲಿ ಕೆಲಸ ಮಾಡುವವನ ಪಾಡನ್ನು ಬಲ್ಲವರೇ ಆ ನಿಯಮವನ್ನು ಬರೆದಿರಬೇಕೆಂಬುದು ಒಡನೆಯೇ ಹೊಳೆಯುತ್ತದೆ. ಒಳ್ಳೆಯ ಪ್ರಮಾಣೀಕರಣದ ಮೊದಲ ಲಕ್ಷಣವನ್ನು ಇಲ್ಲಿಯೇ ಕಾಣಬಹುದು: ಅದು ಪುಸ್ತಕದಿಂದ ಹೊರಡದೆ ಕೆಲಸದಿಂದ ಹೊರಡುತ್ತದೆ.

ಆದರೆ ಪ್ರಭುತ್ವವು ಪ್ರಾಣಾಪಾಯವುಳ್ಳ ಕೆಲವೇ ಕೆಲಸಗಳಿಗೆ ಅನುಜ್ಞೆಯನ್ನು ವಿಧಿಸಬಲ್ಲದಲ್ಲದೆ, ಉದ್ಯಮವೊಂದರೊಳಗಿನ ನೂರೆಂಟು ಕಸುಬುಗಳಿಗೆಲ್ಲ ತಾನೇ ಪರೀಕ್ಷಕನಾಗಿ ನಿಲ್ಲಲಾರದು. ಆ ತೆರವನ್ನು ತುಂಬುವವು ಸಂಘಗಳು. ಇದು ನಮ್ಮ ನಾಡಿಗೆ ಹೊಸ ಸಂಗತಿಯೂ ಅಲ್ಲ. ಐಹೊಳೆಯ ಐನೂರ್ವರು ಸ್ವಾಮಿಗಳೆಂದು ಶಾಸನಗಳಲ್ಲಿ ಕೀರ್ತಿತರಾದ ವರ್ತಕರ ಮಹಾಸಂಘವು ವೀರಬಣಂಜುಧರ್ಮವೆಂಬ ತಮ್ಮದೇ ಆದ ಕಟ್ಟಳೆಯನ್ನು ಇಟ್ಟುಕೊಂಡು ದಕ್ಷಿಣಾಪಥದ ಉದ್ದಗಲಕ್ಕೂ ವ್ಯಾಪಾರ ಮಾಡಿದುದನ್ನು ಚರಿತ್ರೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಲಂಡನ್ ನಗರದಲ್ಲಿ ಅಕ್ಕಸಾಲಿಗರ ಸಂಘವು 1300ರಿಂದ ಬೆಳ್ಳಿಯ ಪದಾರ್ಥಗಳನ್ನು ಪರೀಕ್ಷಿಸತೊಡಗಿ, 1478ರ ಹೊತ್ತಿಗೆ ತನ್ನ ಭವನಕ್ಕೇ ತರಿಸಿಕೊಂಡು ಮುದ್ರೆಯೊತ್ತುವ ಪದ್ಧತಿಯನ್ನು ನೆಲೆಗೊಳಿಸಿತು. ಕಸುಬಿನವರ ಮಾನವನ್ನು ಕಸುಬಿನವರೇ ಕಾಯಬೇಕೆಂಬ ಭಾವನೆ ಈ ಎರಡರ ಹಿಂದೆಯೂ ಇದ್ದಿತು.

ಭಾರತದಲ್ಲಿ ಈ ಭಾವನೆಗೆ ಈಚಿನ ರೂಪವನ್ನು ಕೊಟ್ಟವು ಕ್ಷೇತ್ರ ಕೌಶಲ ಮಂಡಳಿಗಳು. ಗಣಿ ಮಾಲೀಕರ ಅಖಿಲ ಭಾರತ ಒಕ್ಕೂಟವಾದ ಫಿಮಿಯ ಪ್ರೇರಣೆಯಿಂದ ಗಣಿ ಕ್ಷೇತ್ರಕ್ಕೊಂದು ಮಂಡಳಿಯೂ, ಕಬ್ಬಿಣ ಮತ್ತು ಉಕ್ಕಿನ ಕ್ಷೇತ್ರಕ್ಕೆ ಕೋಲ್ಕತ್ತದಲ್ಲಿ ಇನ್ನೊಂದು ಮಂಡಳಿಯೂ ಸ್ಥಾಪಿತವಾದವು. ಒಂದೊಂದು ಕೆಲಸಕ್ಕೂ ಬೇಕಾದ ಜ್ಞಾನವೇನು, ಕೈಚಳಕವೇನು, ಎಚ್ಚರವೇನು ಎಂಬುದನ್ನು ವಿವರವಾಗಿ ಬರೆದು, ಅದನ್ನು ರಾಷ್ಟ್ರೀಯ ವೃತ್ತಿ ಮಾನಕವೆಂದು ಕರೆದು, 2013ರ ಡಿಸೆಂಬರಿನಲ್ಲಿ ಅಧಿಸೂಚಿತವಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಮಟ್ಟಗಳಲ್ಲಿ ಒಂದಕ್ಕೆ ಹೊಂದಿಸಿ, ಅದರ ಮೇಲೆ ಪರೀಕ್ಷೆ ನಡೆಸಿ ಪತ್ರ ಕೊಡುವುದು ಇವುಗಳ ಕಾರ್ಯ.

ಇಂಥ ಕಾರ್ಯಕ್ರಮವೊಂದನ್ನು ರೂಪಿಸುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ಅರಿಯಬೇಕಾದರೆ ಬೆಸುಗೆಯ ಕಸುಬನ್ನು ನೋಡಬೇಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿಯೂ ಅಲ್ಲಿಗೆ ಸಮೀಪದ ಕುಡುತಿನಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿಯೂ ಉಗಿಯನ್ನೋ ಅನಿಲವನ್ನೋ ತೀವ್ರವಾದ ಒತ್ತಡದಲ್ಲಿ ಹಿಡಿದಿಡುವ ಕೊಳವೆಗಳು ಲೆಕ್ಕವಿಲ್ಲದಷ್ಟಿವೆ. ಅವುಗಳ ಒಂದೊಂದು ಸಂಧಿಯೂ ಯಾರೋ ಒಬ್ಬ ಬೆಸುಗೆಗಾರನ ಕೈಯಿಂದ ಬಂದುದು. ನೆಲದ ಮೇಲೆ ಮಲಗಿಸಿದ ಎರಡು ತಗಡುಗಳನ್ನು ಬೆಸೆಯುವುದು ಒಂದು. ಗೋಡೆಯಂತೆ ನಿಲ್ಲಿಸಿದ ತಗಡನ್ನು ಕೆಳಗಿನಿಂದ ಮೇಲಕ್ಕೆ ಬೆಸೆಯುವುದು ಇನ್ನೊಂದು. ತಲೆಯ ಮೇಲಿರುವುದನ್ನು, ಕರಗಿದ ಲೋಹ ಕೆಳಗೆ ತೊಟ್ಟಿಕ್ಕದಂತೆ ಬೆಸೆಯುವುದು ಮತ್ತೊಂದು. ಇವೆಲ್ಲಕ್ಕೂ ಕಠಿಣವಾದುದು 45 ಡಿಗ್ರಿ ಓರೆಯಾಗಿ ನಿಲ್ಲಿಸಿ ಅಲುಗಾಡದಂತೆ ಕಟ್ಟಿದ ಕೊಳವೆಯನ್ನು ಸುತ್ತಲೂ ಬೆಸೆಯುವುದು. ಬೆಸುಗೆಯವರ ಪರಿಭಾಷೆಯಲ್ಲಿ ‘ಸಿಕ್ಸ್ ಜಿ’ ಎನ್ನಿಸಿಕೊಂಡ ಈ ಪರೀಕ್ಷೆಯಲ್ಲಿ ಗೆದ್ದವನಿಗೆ ಕೊಳವೆಯ ಬೆಸುಗೆಯಲ್ಲಿ ಉಳಿದ ಭಂಗಿಗಳೂ ಬರುತ್ತವೆಂದು ಒಪ್ಪಿಕೊಳ್ಳುವುದು ವಾಡಿಕೆ.

ಪರೀಕ್ಷೆಯಾದ ಬಳಿಕ ಬೆಸುಗೆಯನ್ನು ಕಣ್ಣಿನಿಂದ ನೋಡಿ ಬಿಟ್ಟುಬಿಡುವುದಿಲ್ಲ. ತುಂಡನ್ನು ಕತ್ತರಿಸಿ ಬಗ್ಗಿಸಿ ಬಿರುಕು ತೋರುತ್ತದೆಯೇ ಎಂದು ನೋಡುವರು. ಇಲ್ಲವೆ ಕ್ಷಕಿರಣದಿಂದ ಚಿತ್ರ ತೆಗೆದು ಒಳಗೆ ಗಾಳಿಯ ಗುಳ್ಳೆಯೋ ಕಸರೋ ಉಳಿದಿದೆಯೇ ಎಂದು ಪರಿಶೀಲಿಸುವರು. ಅದಕ್ಕಿಂತಲೂ ವಿಚಾರಪೂರ್ಣವಾದುದು ಆ ಪತ್ರದ ಆಯುಸ್ಸಿನ ನಿಯಮ. ಅಂತರರಾಷ್ಟ್ರೀಯ ಮಾನಕಗಳ ಪ್ರಕಾರ ಬೆಸುಗೆಗಾರನು ತನ್ನ ಅರ್ಹತೆಗೆ ಸೇರಿದ ಕೆಲಸದಲ್ಲಿ ನಿರತನಾಗಿದ್ದಾನೆಂಬುದು ಪ್ರತಿ 6 ತಿಂಗಳಿಗೊಮ್ಮೆ ದಾಖಲಾಗಬೇಕು. ಅಷ್ಟು ಕಾಲ ಕೈ ಸುಮ್ಮನಿದ್ದಿತೆಂದರೆ ಅರ್ಹತೆಯೂ ಸಲ್ಲದಾಗುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಪದವಿ ಒಮ್ಮೆ ಬಂದರೆ ಚಿತೆಯವರೆಗೂ ಜತೆಗಿರುತ್ತದೆ. ಬೆಸುಗೆಗಾರನ ಪತ್ರಕ್ಕೆ ಆ ಸೌಭಾಗ್ಯವಿಲ್ಲ. ಕೌಶಲವೆಂಬುದು ಅಭ್ಯಾಸದಿಂದ ಬದುಕಿ ಅನಭ್ಯಾಸದಿಂದ ಸಾಯುತ್ತದೆಂಬುದನ್ನು ಒಪ್ಪಿಕೊಂಡ ಈ ನಿಯಮ ಪದವಿಯ ನಿಯಮಕ್ಕಿಂತ ಸತ್ಯಕ್ಕೆ ಹತ್ತಿರವಾದುದೆಂದು ನನ್ನ ಅಭಿಪ್ರಾಯ.

ಬೆಸೆದವನನ್ನು ಪರೀಕ್ಷಿಸಿದಂತೆ ಬೆಸುಗೆಯನ್ನು ಪರೀಕ್ಷಿಸುವವನನ್ನೂ ಪರೀಕ್ಷಿಸಬೇಕಲ್ಲವೇ? ವಸ್ತುವನ್ನು ಒಡೆಯದೆ, ಕೊಯ್ಯದೆ, ಅದರೊಳಗಿನ ದೋಷವನ್ನು ಶಬ್ದದ ಅಲೆಯಿಂದಲೋ ಕಿರಣದಿಂದಲೋ ಕಂಡುಹಿಡಿಯುವವರಿಗೆ ಚೆನ್ನೈಯಲ್ಲಿ ಕೇಂದ್ರಸ್ಥಾನವನ್ನುಳ್ಳ ವೃತ್ತಿನಿರತರ ಸಂಘವೊಂದು ಮೊದಲನೆಯ, ಎರಡನೆಯ, ಮೂರನೆಯ ಮಟ್ಟವೆಂದು ಮೂರು ಹಂತಗಳಲ್ಲಿ ಪತ್ರ ಕೊಡುತ್ತದೆ. ಮೊದಲ ಮಟ್ಟದವನು ಹೇಳಿದಂತೆ ಉಪಕರಣವನ್ನು ನಡೆಸಬೇಕು. ಎರಡನೆಯವನು ಕಂಡುದನ್ನು ಅರ್ಥೈಸಿ ತೀರ್ಪು ಹೇಳಬೇಕು. ಮೂರನೆಯವನು ಪರೀಕ್ಷೆಯ ವಿಧಾನವನ್ನೇ ರೂಪಿಸಬೇಕು. ಈ ಕಸುಬಿನಲ್ಲಿರುವವರ ಹತ್ತಿರದ ನೋಟವನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕೆಂಬ ವಿಧಿಯೂ ಇದೆ. ಎಷ್ಟೇ ವಿದ್ಯಾವಂತನಾದರೂ ಕಣ್ಣು ಮಂಜಾದವನಿಗೆ ಕೂದಲೆಳೆಯಂಥ ಬಿರುಕು ಕಾಣದಷ್ಟೆ.

ಇನ್ನು ಎಷ್ಟು ಅಂಕ ಬಂದರೆ ತೇರ್ಗಡೆ ಎಂಬ ಪ್ರಶ್ನೆ. 35 ಬಂದರೆ ಪಾಸು ಎಂಬ ಶಾಲೆಯ ಹಳೆಯ ಲೆಕ್ಕಕ್ಕೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ, ಆ ಸಂಖ್ಯೆ ಎಲ್ಲಿಂದ ಬಂದಿತೆಂದು ಕೇಳುವ ಗೋಜಿಗೇ ಹೋಗುವುದಿಲ್ಲ. 1971ರಲ್ಲಿ ಅಮೆರಿಕದ ಪರೀಕ್ಷಾತಜ್ಞ ವಿಲಿಯಂ ಆಂಗಾಫ್ ಅವರ ಬರಹದಿಂದ ಪ್ರಸಿದ್ಧಿಗೆ ಬಂದ ವಿಧಾನವೊಂದು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿದೆ. ಕಸುಬನ್ನು ಬಲ್ಲ ಹಲವರನ್ನು ಕೂಡಿಸಿ, ಒಂದೊಂದು ಪ್ರಶ್ನೆಯನ್ನೂ ಅವರ ಮುಂದಿಟ್ಟು, ‘ಈ ಕೆಲಸಕ್ಕೆ ಕನಿಷ್ಠ ಮಟ್ಟದಲ್ಲಿ ಅರ್ಹರಾದ ನೂರು ಮಂದಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ, ಅವರಲ್ಲಿ ಎಷ್ಟು ಮಂದಿ ಇದಕ್ಕೆ ಸರಿಯಾದ ಉತ್ತರ ಕೊಟ್ಟಾರು?’ ಎಂದು ಕೇಳಿ, ಬಂದ ಅಂದಾಜುಗಳ ಸರಾಸರಿಯಿಂದ ತೇರ್ಗಡೆಯ ಗೆರೆಯನ್ನು ಎಳೆಯುವುದು ಅದರ ಕ್ರಮ. ಆಗ ಸುಲಭವಾದ ಪ್ರಶ್ನೆಪತ್ರಿಕೆಗೆ ಗೆರೆ ಮೇಲಕ್ಕೇರುತ್ತದೆ, ಕಠಿಣವಾದುದಕ್ಕೆ ಕೆಳಗಿಳಿಯುತ್ತದೆ. ಹೀಗೆ ಕೂಡುವವರಲ್ಲಿ ಮೇಲಧಿಕಾರಿಗಳು ಮಾತ್ರವಲ್ಲದೆ, ನಿತ್ಯವೂ ಆ ಕೆಲಸವನ್ನು ಮಾಡುವ ಹಿರಿಯ ಕೆಲಸಗಾರರೂ ಇರತಕ್ಕದ್ದು. ಅವರಿಲ್ಲದ ಸಭೆಯು ಇರಬೇಕಾದ ಕೆಲಸಗಾರನನ್ನು ವರ್ಣಿಸೀತೇ ಹೊರತು ಇರುವ ಕೆಲಸವನ್ನಲ್ಲ.

ಇಷ್ಟೆಲ್ಲ ಚೆನ್ನಾಗಿ ರೂಪಿಸಿದ ಪರೀಕ್ಷೆಯೂ ವ್ಯರ್ಥವಾಗಬಲ್ಲದು. ಕಲಿಸುವವನೂ ಪರೀಕ್ಷಿಸುವವನೂ ಪತ್ರ ಕೊಡುವವನೂ ಒಬ್ಬನೇ ಆದಾಗ, ಅಥವಾ ಮೂವರ ಹಣದ ಚೀಲವೂ ಒಂದೇ ಆದಾಗ, ಸಾಕ್ಷ್ಯವು ಸಾಕ್ಷ್ಯವಾಗಿ ಉಳಿಯುವುದಿಲ್ಲ. ಉದ್ಯಮ ಸಂಘದ ವಿಷಯದಲ್ಲಿ ಈ ಅಪಾಯ ಇಮ್ಮಡಿಯಾದುದು. ಸಂಘವು ತನ್ನ ಸದಸ್ಯರ ಹಿತವನ್ನು ಕಾಯುವುದಕ್ಕಾಗಿಯೇ ಹುಟ್ಟಿದ್ದು. ಸದಸ್ಯರಿಗೆ ಬೇಕಾದುದು ಬೇಗನೆ ದೊರೆಯುವ, ಪತ್ರವುಳ್ಳ ಕೆಲಸಗಾರರು. ತರಬೇತಿ ಕೇಂದ್ರಕ್ಕೆ ಬೇಕಾದುದು ತೇರ್ಗಡೆಯಾದವರ ದೊಡ್ಡ ಸಂಖ್ಯೆ. ಕಲಿಯಬಂದವನಿಗೆ ಬೇಕಾದುದು ಪತ್ರ. ಹೀಗೆ ಎಲ್ಲರ ಅಪೇಕ್ಷೆಯೂ ‘ಕೊಟ್ಟುಬಿಡಿ’ ಎಂಬ ಒಂದೇ ದಿಕ್ಕಿಗೆ ಎಳೆಯುತ್ತಿರುವಲ್ಲಿ, ‘ಕೊಡಲಾರೆವು’ ಎನ್ನುವ ಬಾಯಿ ಯಾವುದು? ಒರೆಗಲ್ಲು ಅಕ್ಕಸಾಲಿಯ ಸ್ವಂತ ಮಗಳ ಒಡವೆಯೆಂದು ಬೇರೆ ಬಣ್ಣವನ್ನು ತೋರದು. ಸಂಘದ ಪರೀಕ್ಷೆಗೆ ಆ ನಿಷ್ಠುರತೆ ಇಲ್ಲವಾದರೆ ಅದು ಕೊಟ್ಟ ಪತ್ರವು ಕೆಲಕಾಲ ಚಲಾವಣೆಯಲ್ಲಿದ್ದು, ಕ್ರಮೇಣ ಕಾರ್ಖಾನೆಗಳೇ ಅದನ್ನು ಬದಿಗಿಟ್ಟು ತಮ್ಮದೇ ಪರೀಕ್ಷೆ ನಡೆಸತೊಡಗುತ್ತವೆ. ಆಗ ನಿಜವಾಗಿ ಕಲಿತವನ ಪತ್ರವೂ ಕಲಿಯದವನ ಪತ್ರದೊಡನೆ ಬೆಲೆಗೆಡುತ್ತದೆ.

ಇದು ಕೇವಲ ನನ್ನ ಆತಂಕವಲ್ಲ. ಕ್ಷೇತ್ರ ಕೌಶಲ ಮಂಡಳಿಗಳ ಕಾರ್ಯವನ್ನು ಪರಿಶೀಲಿಸಲು ಕೇಂದ್ರ ಸರ್ಕಾರವು 2016ರಲ್ಲಿ ನೇಮಿಸಿದ ಶಾರದಾ ಪ್ರಸಾದ್ ಸಮಿತಿಯು ಇಂಥ ಹಿತಾಸಕ್ತಿಗಳ ಘರ್ಷಣೆಯನ್ನು ಸ್ಪಷ್ಟವಾಗಿಯೇ ಎತ್ತಿ ತೋರಿಸಿತು. ತರುವಾಯ, 2018ರ ಡಿಸೆಂಬರಿನಲ್ಲಿ ಅಧಿಸೂಚಿತವಾದ ರಾಷ್ಟ್ರೀಯ ವೃತ್ತಿಶಿಕ್ಷಣ ಮತ್ತು ತರಬೇತಿ ಪರಿಷತ್ತು ಪತ್ರ ಕೊಡುವ ಸಂಸ್ಥೆಗೂ ಪರೀಕ್ಷೆ ನಡೆಸುವ ಸಂಸ್ಥೆಗೂ ಪ್ರತ್ಯೇಕವಾಗಿ ಮಾನ್ಯತೆ ನೀಡುವ ಪದ್ಧತಿಯನ್ನು ತಂದಿತು. ವ್ಯಕ್ತಿಗಳನ್ನು ಪ್ರಮಾಣೀಕರಿಸುವ ಸಂಸ್ಥೆಗಳಿಗಾಗಿಯೇ ಇರುವ ಐಎಸ್‌ಒ 17024 ಎಂಬ ಅಂತರರಾಷ್ಟ್ರೀಯ ಮಾನಕದ ಬೆನ್ನೆಲುಬೂ ಈ ನಿಷ್ಪಕ್ಷಪಾತವೇ. ಹಣಕಾಸಿನ ಲೋಕದಲ್ಲಿ ಇದಕ್ಕೊಂದು ದೃಷ್ಟಾಂತವುಂಟು: ಮ್ಯೂಚುವಲ್ ಫಂಡ್ ಮಾರುವವರಿಗೆ ಆ ಕಂಪನಿಗಳ ಸಂಘವೇ ಮೊದಲು ಪರೀಕ್ಷೆ ನಡೆಸುತ್ತಿತ್ತು, 2010ರಲ್ಲಿ ಆ ಪರೀಕ್ಷೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಸ್ಥಾಪಿಸಿದ ಪ್ರತ್ಯೇಕ ಶಿಕ್ಷಣ ಸಂಸ್ಥೆಗೆ ವರ್ಗವಾಯಿತು.

ಬರೆದ ಹಾಳೆಯ ಮೇಲೆ ನಂಬಿಕೆ ಕುಸಿದರೆ ಏನಾಗುತ್ತದೆಂಬುದನ್ನು ಸಂಡೂರಿನ ಸೀಮೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಪರವಾನಿಗೆ, ರಹದಾರಿ, ಗಡಿಯ ನಕ್ಷೆ, ಎಲ್ಲವೂ ಕಾಗದದ ಮೇಲೆ ಇದ್ದ ಕಾಲದಲ್ಲಿಯೇ ಅಕ್ರಮ ಗಣಿಗಾರಿಕೆ ಇಲ್ಲಿನ ಬೆಟ್ಟಗಳನ್ನು ಬಗೆಯಿತು. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ವರದಿ ಬಂದದ್ದು 2011ರ ಜುಲೈನಲ್ಲಿ. ಸಮಾಜ ಪರಿವರ್ತನಾ ಸಮುದಾಯವೆಂಬ ಸಂಸ್ಥೆ ಹೂಡಿದ್ದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ್ದು ಅದೇ ತಿಂಗಳ 29ರಂದು. ತಿಂಗಳಿಗೆ 10 ಲಕ್ಷ ಟನ್ನಿನಂತೆ ಅದಿರು ತೆಗೆಯಲು ಸಾರ್ವಜನಿಕ ಸಂಸ್ಥೆಯಾದ ಎನ್‌ಎಂಡಿಸಿಗೆ ಮಾತ್ರ ಅನುಮತಿ ದೊರೆಯಿತು. ಅನಂತರ ನ್ಯಾಯಾಲಯದ ಕೇಂದ್ರೀಯ ಸಶಕ್ತ ಸಮಿತಿಯು ಒಂದೊಂದು ಗುತ್ತಿಗೆಯನ್ನೂ ಅಳೆದು ಎ, ಬಿ, ಸಿ ಎಂದು ವರ್ಗೀಕರಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ವಿಚಾರ ಮಾಡಿದರೆ ಇದೂ ಒಂದು ಪ್ರಮಾಣೀಕರಣವೇ: ಉದ್ಯಮವು ತನ್ನನ್ನು ತಾನು ಅಳೆದುಕೊಳ್ಳಲು ಒಲ್ಲದಿದ್ದಾಗ ಹೊರಗಿನವರು ಬಂದು ಅಳೆದರು, ಆ ಅಳತೆಯ ಕಾಲದಲ್ಲಿ ತಪ್ಪು ಮಾಡದವರ ಗಣಿಗಳೂ ಮುಚ್ಚಿದ್ದವು, ಲಾರಿಗಳೂ ನಿಂತಿದ್ದವು, ದಿನಗೂಲಿಯವರ ಒಲೆಯೂ ಆರಿತ್ತು. 2016ರಿಂದೀಚೆಗೆ ಗಣಿಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡುವ ಪದ್ಧತಿ ಬಂದಿದೆ. ಗಣಿಯವರು ನಿಗದಿತ ನಮೂನೆಯಲ್ಲಿ ತಮ್ಮ ಅಂಕವನ್ನು ತಾವೇ ಬರೆದುಕೊಳ್ಳುವರು. ಭಾರತೀಯ ಗಣಿ ಬ್ಯೂರೋ ಅದನ್ನು ತಾಳೆನೋಡುವುದು. ಹೇಳಿಕೊಳ್ಳುವವನು ಒಬ್ಬ, ತಾಳೆನೋಡುವವನು ಇನ್ನೊಬ್ಬ ಎಂಬಷ್ಟು ವಿವೇಕ ಆ ಅನುಭವದ ಬಳಿಕ ನೆಲೆಗೊಂಡಿದೆ.

ಸಂಘವೇ ತಲೆಬಾಗಿ ಅನ್ಯರ ಪರೀಕ್ಷೆಗೆ ಒಳಪಟ್ಟ ಗೌರವಾನ್ವಿತ ನಿದರ್ಶನವೊಂದು ಕನ್ನಡ ನಾಡಿನಲ್ಲಿಯೇ ಇದೆ. 1957ರ ನವೆಂಬರಿನಲ್ಲಿ ಖಾದಿ ಕಾರ್ಯಕರ್ತರು ಕೂಡಿ ಸ್ಥಾಪಿಸಿದ ಹುಬ್ಬಳ್ಳಿಯ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜವನ್ನು ತಯಾರಿಸಲು ಭಾರತೀಯ ಮಾನಕ ಬ್ಯೂರೋದಿಂದ 2006ರಲ್ಲಿ ಪ್ರಮಾಣಪತ್ರವನ್ನು ಪಡೆಯಿತು. ನೂಲಿನ ಎಳೆ, ಬಣ್ಣದ ಪಕ್ಕಾತನ, ಅಳತೆ, ಚಕ್ರದ ಮುದ್ರಣ, ಇವುಗಳಲ್ಲಿ ಒಂದು ತಪ್ಪಿದರೂ ಆ ಬಟ್ಟೆ ಧ್ವಜವಾಗದು. ದೇಶಸೇವೆಯ ಹೆಸರಿನಲ್ಲಿ ಹುಟ್ಟಿದ ಸಂಘ ತಮ್ಮದೆಂದು ಅವರು ವಿನಾಯಿತಿ ಬೇಡಲಿಲ್ಲವೆಂಬುದನ್ನು ನಾನು ಸಂತೋಷದಿಂದ ಸ್ಮರಿಸುತ್ತೇನೆ.

ಸಂಡೂರಿನಲ್ಲಿಯೂ ಪದಾರ್ಥಕ್ಕೆ ಮುದ್ರೆಯೊದಗಿದ ಕಥೆಯೊಂದಿದೆ. ಅದು ಕಬ್ಬಿಣದ್ದಲ್ಲ, ಸೂಜಿದಾರದ್ದು. ತಾಂಡಾಗಳ ಲಂಬಾಣಿ ಹೆಂಗಸರು ತಾಯಂದಿರಿಂದ ಕಲಿತುಬಂದ ಕಸೂತಿಗೆ ‘ಸಂಡೂರು ಲಂಬಾಣಿ ಕಸೂತಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ನೋಂದಣಿ ದೊರೆತಿದೆ. ಸಂಡೂರು ಕುಶಲ ಕಲಾ ಕೇಂದ್ರವು ಈ ಹೆಂಗಸರನ್ನು ಒಗ್ಗೂಡಿಸಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನೆರೆದಾಗ, 450ಕ್ಕೂ ಹೆಚ್ಚು ಮಂದಿ ಹೆಂಗಸರು ಹೊಲಿದ 1755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆದರೆ ಭೌಗೋಳಿಕ ಸೂಚಕದ ಕಾನೂನಿನಲ್ಲಿ ಎರಡು ಪಟ್ಟಿಗಳಿವೆ ಎಂಬುದನ್ನು ಸಾಮಾನ್ಯರು ಅಷ್ಟಾಗಿ ಗಮನಿಸುವುದಿಲ್ಲ: ಹೆಸರಿನ ಒಡೆತನವುಳ್ಳ ಸಂಘ ಅಥವಾ ಸಂಸ್ಥೆಯದು ಒಂದು, ಆ ಹೆಸರನ್ನು ಬಳಸಲು ಅಧಿಕಾರ ಪಡೆದ ಕುಶಲಕರ್ಮಿಗಳದು ಇನ್ನೊಂದು. ಎರಡನೆಯ ಪಟ್ಟಿಯಲ್ಲಿ ಕೈಕೆಲಸ ಮಾಡುವವಳ ಹೆಸರು ಸೇರುವವರೆಗೂ, ಮತ್ತು ಯಂತ್ರದಲ್ಲಿ ಹೊಲಿದ ನಕಲು ಪೇಟೆಗೆ ಬಂದಾಗ ಅದನ್ನು ಪರೀಕ್ಷಿಸಿ ಹೊರಗಟ್ಟುವ ಏರ್ಪಾಡು ಆಗುವವರೆಗೂ, ಸರ್ಕಾರದ ದಫ್ತರಿನಲ್ಲಿರುವ ನೋಂದಣಿಯಿಂದ ಆಕೆಯ ಕೂಲಿ ಹೆಚ್ಚುವುದಿಲ್ಲ.

ಇಲ್ಲಿಗೆ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಮುಖ್ಯವಾಗಿರುವ ಸಂಗತಿಗೆ ಬಂದಿದ್ದೇನೆ. ಕುರೆಕುಪ್ಪದಲ್ಲಿಯೋ ಸಮೀಪದ ವಡ್ಡು ಎಂಬ ಊರಿನಲ್ಲಿಯೋ ಒಬ್ಬನಿದ್ದಾನೆಂದು ಭಾವಿಸೋಣ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಗುತ್ತಿಗೆದಾರನೊಬ್ಬನ ಬಳಿ ಸಹಾಯಕನಾಗಿ ಸೇರಿ, ಹಿರಿಯರ ಕೈಯನ್ನು ನೋಡಿನೋಡಿ ಬೆಸುಗೆ ಕಲಿತು, ಇಂದು ಕಠಿಣವಾದ ಸಂಧಿಗಳಿಗೆ ಅವನನ್ನೇ ಕರೆಯುವಷ್ಟು ನಿಪುಣನಾಗಿದ್ದಾನೆ. ಆದರೆ ಹಾಜರಿ ಪುಸ್ತಕದಲ್ಲಿ ಅವನು ಅರೆಕುಶಲ. ಇಂಥವರಿಗಾಗಿಯೇ, 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ‘ಪೂರ್ವಕಲಿಕೆಯ ಮಾನ್ಯತೆ’ ಎಂಬ ಉಪಾಯವನ್ನು ಸೇರಿಸಲಾಯಿತು; ಈಗಾಗಲೇ ಬಲ್ಲವನನ್ನು ಮತ್ತೆ ತರಗತಿಯಲ್ಲಿ ಕೂರಿಸದೆ, ಅಲ್ಪಕಾಲದ ತಿಳಿವಳಿಕೆ ಕೊಟ್ಟು, ನೇರವಾಗಿ ಪರೀಕ್ಷಿಸಿ ಪತ್ರ ಕೊಡುವುದು ಅದರ ಉದ್ದೇಶ. ಇದಕ್ಕಿಂತ ನ್ಯಾಯವಾದ ಉದ್ದೇಶವನ್ನು ನಾನು ಕಾಣೆ. ಆದರೆ ಈ ಉಪಾಯ ಸಫಲವಾಗುವುದೂ ವಿಫಲವಾಗುವುದೂ ಪರೀಕ್ಷಕನು ಅವನ ಮುಂದೆ ಏನನ್ನಿಡುತ್ತಾನೆಂಬುದರ ಮೇಲೆ ನಿಂತಿದೆ. ಬೇರೆ ಭಾಷೆಯಲ್ಲಿ ಅಚ್ಚಾದ, ನಾಲ್ಕರಲ್ಲೊಂದು ಉತ್ತರಕ್ಕೆ ಗುರುತು ಹಾಕಬೇಕಾದ ಪತ್ರಿಕೆಯನ್ನಿಟ್ಟರೆ, ಪರೀಕ್ಷಿಸಿದಂತಾಗುವುದು ಅವನು ಬಿಟ್ಟುಬಂದ ಶಾಲೆಯನ್ನೇ ವಿನಾ ಅವನು ಗಳಿಸಿದ ವಿದ್ಯೆಯನ್ನಲ್ಲ. ಓರೆಯಾದ ಕೊಳವೆಯನ್ನು ಅವನ ಮುಂದಿಡಿ. ಕೆಲಸ ಮುಗಿದ ಬಳಿಕ ಕನ್ನಡದಲ್ಲಿ ಕೇಳಿ: ಕರೆಂಟನ್ನು ಇಷ್ಟಕ್ಕೇ ಏಕೆ ಇಟ್ಟೆ, ರಾಡನ್ನು ಮೊದಲು ಏಕೆ ಕಾಯಿಸಿದೆ, ಎತ್ತರದಲ್ಲಿ ನಿಂತಾಗ ಬೆಲ್ಟನ್ನು ಎಲ್ಲಿಗೆ ಸಿಕ್ಕಿಸುವೆ? ಅವನ ಉತ್ತರದಲ್ಲಿ ಎರಡು ದಶಕಗಳ ಅನುಭವ ತಾನಾಗಿ ಹೊರಬರುತ್ತದೆ. ಇಲ್ಲವೆ ಅನುಭವದ ಹೆಸರಿನಲ್ಲಿ ಬೆಳೆದುಬಂದ ಅಪಾಯಕರವಾದ ರೂಢಿಯೊಂದು ಹೊರಬರುತ್ತದೆ. ಆಗ ಪತ್ರವನ್ನು ತಡೆಹಿಡಿದು ತಿದ್ದುವುದೂ ಅವನಿಗೆ ಮಾಡಿದ ಉಪಕಾರವೇ ಸರಿ.

ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಉದ್ಯಮ ಸಂಘಗಳವರಲ್ಲಿ ನನ್ನ ವಿಜ್ಞಾಪನೆ ಇದು. ನಿಮ್ಮ ಕಸುಬುಗಳ ಮಾನಕಗಳನ್ನು, ಕೆಲಸಗಾರರು ದಿನವೂ ಆಡುವ ಕನ್ನಡದಲ್ಲಿ, ರಾಡು, ಜಾಬು, ಪಾಳಿ ಎಂಬ ಮಾತುಗಳನ್ನು ಹಾಗೆಯೇ ಉಳಿಸಿಕೊಂಡು, ಅಚ್ಚುಹಾಕಿಸಿ ಹಂಚಿರಿ. ತರಬೇತಿ ಕೊಡುವವರ ಕೈಯಿಂದ ಪರೀಕ್ಷೆಯನ್ನು ಬಿಡಿಸಿರಿ. ತೇರ್ಗಡೆಯಾದವರ ಸಂಖ್ಯೆಯನ್ನು ಪ್ರಕಟಿಸುವಾಗ ಆಗದವರ ಸಂಖ್ಯೆಯನ್ನೂ ಸಂಕೋಚವಿಲ್ಲದೆ ಪ್ರಕಟಿಸಿರಿ. ಎಲ್ಲರೂ ತೇರ್ಗಡೆಯಾದರೆಂಬ ವಾರ್ತೆ ಬಲ್ಲವರಲ್ಲಿ ಸಂಶಯವನ್ನು ಹುಟ್ಟಿಸುತ್ತದೆ. ತೀರ್ಪು ತಪ್ಪೆಂದು ತೋರಿದವನಿಗೆ ಮೇಲ್ಮನವಿಯ ಬಾಗಿಲು ತೆರೆದಿರಲಿ. ಪತ್ರ ಪಡೆದವರ ಹೆಸರಿನ ಪಟ್ಟಿ, ಅದರ ಅವಧಿಯೊಡನೆ, ಯಾರು ಬೇಕಾದರೂ ನೋಡಬಹುದಾದ ಕಡೆ ಇರಲಿ. ಸುಳ್ಳು ಪತ್ರದ ಅಂಗಡಿ ಅಂಥ ಪಟ್ಟಿಯ ಎದುರಿಗೆ ಬಹಳ ದಿನ ನಡೆಯಲಾರದು.

ಮಗನನ್ನೋ ಮಗಳನ್ನೋ ಇಂಥ ಯಾವುದಾದರೂ ತರಬೇತಿಗೆ ಸೇರಿಸಬೇಕೆಂದಿರುವ ತಂದೆತಾಯಿಗಳು ಹಣ ಕಟ್ಟುವುದಕ್ಕೆ ಮುಂಚೆ, ಪತ್ರ ಕೊಡುವ ಸಂಸ್ಥೆಗೆ ರಾಷ್ಟ್ರೀಯ ವೃತ್ತಿಶಿಕ್ಷಣ ಪರಿಷತ್ತಿನ ಮಾನ್ಯತೆ ಇದೆಯೇ, ಪರೀಕ್ಷಿಸುವವರು ಕಲಿಸಿದವರಿಗಿಂತ ಬೇರೆಯವರೇ, ಕೆಲಸವನ್ನು ಕೈಯಿಂದ ಮಾಡಿಸಿ ನೋಡುವರೇ ಎಂದು ಕೇಳಿ ತಿಳಿದುಕೊಳ್ಳಬೇಕು. ಹಾಗೆಯೇ, ಆ ಪತ್ರವನ್ನು ಒಪ್ಪಿಕೊಂಡು ಕೆಲಸ ಕೊಟ್ಟ ಒಂದು ಕಾರ್ಖಾನೆಯನ್ನಾದರೂ ಹೆಸರಿಸುವಂತೆ ಒತ್ತಾಯಿಸಬೇಕು. ಈ ಪ್ರಶ್ನೆಗಳಿಗೆ ನೇರವಾದ ಉತ್ತರ ಬಾರದಿದ್ದಲ್ಲಿ ಹಣ ಕಟ್ಟಬಾರದು.